ನೂರಕ್ಕೆ ಐದು

ಕಾರ್ಖಾನೆ ಇನ್ನೂ ಕಬ್ಬು ನುರಿಸಲು ಸುರು ಮಾಡಿಲ್ಲ.
ಮುಧೋಳದಾಚೆ, ಈ ಕಂಪ್ಯೂಟರ್ ಖೋಲಿಯಲ್ಲಿ,
ರಾತ್ರಿ ಹನ್ನೊಂದೂವರೆಗೆ
ನಾಲ್ಕು ಸಾವಿರ ಇಲ್ಲದ ರೈತರನ್ನು ಎಬ್ಬಿಸಿದ್ದೇನೆ.
ಹೆಸರಿಲ್ಲ, ಹೊಲವಿಲ್ಲ,
ಒಂದರಿಂದ ಎಣಿಸಿದ ಅಂಕಿ ಅಷ್ಟೇ ಅವರು.
ಒಬ್ಬೊಬ್ಬರಾಗಿ ಒಳಬಂದು
ಎಲ್ಲರೂ ಕೇಳಬೇಕಾದ್ದು ಒಂದೇ:
ನನ್ನ ಕಬ್ಬಿನ ಪಾಳಿ ಯಾವಾಗ?

ಹೋದ ವರ್ಷ ನಿಜವಾದವರು ಕೇಳಿದಾಗ
ಪರದೆಯ ಮೇಲೆ ಚಕ್ರ ತಿರುಗಿತು, ತಿರುಗಿತು,
ಕಡೆಗೆ ಗೇಟಿನ ಗಾಜು ಒಡೆಯಿತು.

ಕಾಟಾದ ಗುಮಾಸ್ತ ಜಿನ್ನಪ್ಪ ಉಪಾಧ್ಯೆ
ಚಾ ತಂದವರು ಹಾಗೇ ನಿಂತರು.
"ಏನ್ ನಡಸೀಯವ್ವಾ ಮಹಾನಂದಾ?"
"ಲೋಡ್ ಟೆಸ್ಟ್ ರೀ ಕಾಕಾ."
"ಲೋಡಾ? ಎಷ್ಟ್ ಟನ್ನು?"
ನಾನು ನಗಲಿಲ್ಲ. ತಪ್ಪೇನೂ ಕೇಳಿರಲಿಲ್ಲ ಅವರು.

ಪರೀಕ್ಷೆ ಉಗುಳಿದ್ದು ಎರಡು ಲಕ್ಷ ಸಾಲು:
ಹೊತ್ತು, ಅಲ್ಪವಿರಾಮ, ಮಿಲಿಸೆಕೆಂಡು, ಅಲ್ಪವಿರಾಮ,
ಸರಿ ಇಲ್ಲವೆ ತಪ್ಪು.
ಕಣ್ಣಿಟ್ಟು ಓದಿದರೆ ಏನೂ ಕಾಣದು.
ಚಾಳಣಿ ಹಿಡಿದೆ,
ಹತ್ತು ಸೆಕೆಂಡಿಗೊಂದು ಕಟ್ಟು ಕಟ್ಟಿದೆ,
ಕೆಳಗೆ ಹೊತ್ತು, ಎಡಕ್ಕೆ ತಡ.
ಚುಕ್ಕಿಗೆ ಚುಕ್ಕಿ ಕೂಡಿ ಗೆರೆ ಎದ್ದಿತು.

ನೀಲಿಯದು ಸರಾಸರಿ.
ಉಂಡು ಮಲಗಿದವನ ಹೊಟ್ಟೆಯ ಹಾಗೆ
ಏರಿದ್ದೂ ತಿಳಿಯದು, ಇಳಿದದ್ದೂ.
ಅರ್ಧ ಸೆಕೆಂಡು ಇದ್ದದ್ದು ಎರಡಾಯಿತು, ಎರಡೂಕಾಲು.
ಕೆಂಪು ಹಾಗಲ್ಲ.
ನೂರರಲ್ಲಿ ತೊಂಬತ್ತೈದು ಮಂದಿ ದಾಟಿ ಹೋದ ಮೇಲೆ
ಉಳಿದ ಐವರು ನಿಂತ ಜಾಗ ಅದು.
ಏಳುನೂರನೆಯ ರೈತ ಒಳಗೆ ಕಾಲಿಟ್ಟದ್ದೇ
ಮೊಳಕಾಲೂರಿ ಎದ್ದಿತು:
ಆರು,
ಹದಿನಾಲ್ಕು,
ಮೂವತ್ತೊಂದು.

ಕಾಕಾ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.
"ಇದು ನನಗ ಗೊತ್ತೈತಿ."
ಹೋಗಿ ಒಂದು ಉದ್ದನೆಯ ವಹಿ ತಂದರು,
ಇಪ್ಪತ್ತೆರಡು ಹಂಗಾಮಿನ ಮಣ್ಣು ಹತ್ತಿದ್ದು.
ಟ್ರ್ಯಾಕ್ಟರ್ ಗೇಟಿಗೆ ಬಂದದ್ದು ನೀಲಿ ಶಾಯಿ,
ತೂಗಿದ್ದು ಕೆಂಪು.
ಬೆರಳು ಒಂದು ಸಾಲಿನ ಮೇಲೆ ನಿಂತಿತು:
ಗೈಬುಸಾಬ ನದಾಫ, ಲೋಕಾಪುರ,
ನಲವತ್ತೊಂದು ತಾಸು.
"ಸರಾಸರಿ ಆರು ತಾಸಂತ ವರದಿ ಬರದ್ರು.
ಇವನ ಕಬ್ಬು ಪಾಳೇದಾಗ ಒಣಗಿ
ಎರಡೂವರಿ ಟನ್ ಹಗುರಾತು.
ಎಷ್ಟ್ ಲೋಡ್ ಬಂದ್ರೂ
ಒಂದ ಕಾಟಾದ ಮ್ಯಾಲ ಹಾಯಬೇಕಲ್ಲವ್ವಾ."

ಒಂದೇ ಕಾಟಾ.
ನಸುಕಿನ ತನಕ ಅದನ್ನೇ ಹುಡುಕಿದೆ. ಇತ್ತು.
ಪಾಳಿಯ ನಂಬರು ಕೊಡುವ ಒಂದೇ ಒಂದು ಕೋಷ್ಟಕ,
ಒಬ್ಬನದು ಬರೆದು ಮುಗಿಯುವ ತನಕ
ಅಗಳಿ ಹಾಕಿಕೊಂಡು ಕೂಡುವಂಥದ್ದು.
ನಾಲ್ಕು ಸಾವಿರ ಮಂದಿಯನ್ನು
ಒಂದು ಕೀಲಿ ಒತ್ತಿ ಮಲಗಿಸಿದೆ.

ಏಳು ಗಂಟೆಗೆ ಅಥಣಿಕರ ಸಾಹೇಬರ ಫೋನು.
"ಡೈರೆಕ್ಟರ್ ಮೀಟಿಂಗಿಗೆ ನೀಲಿ ಗೆರಿ ಸಾಕು.
ಕೆಂಪು ಬೇಕ ಅಂದ್ರ
ಎಡಗಡೀ ಅಳತಿ ದೊಡ್ಡದ್ ಮಾಡು, ಚಪ್ಪಟಿ ಕಾಣ್ತದ."
ಮಾಡಿ ನೋಡಿದೆ.
ಮುನ್ನೂರಕ್ಕೆ ಏರಿಸಿದರೆ
ಗುಡ್ಡವೂ ಹೊಲದ ಬದು.
ಸುಳ್ಳೆನ್ನಲು ಒಂದು ಅಂಕಿಯೂ ತಪ್ಪಿರಲಿಲ್ಲ.

ಮೊದಲಿದ್ದ ಹಾಗೇ ಮಾಡಿ ಮುದ್ರಿಸಿದೆ.
ಶಾಯಿ ಮುಗಿಯುತ್ತ ಬಂದಿತ್ತು,
ಕೆಂಪು ಬಂದೂ ಬಾರದ ಹಾಗೆ ಬಂತು.
ಕಾಕಾ ಕಿಸೆಯ ಪೆನ್ನು ತೆಗೆದು
ಅದರ ಮೇಲೆಯೇ ಇನ್ನೊಮ್ಮೆ ಎಳೆದರು,
ಅವಸರವಿಲ್ಲದೆ, ಏರಿನಲ್ಲಿ ಗೇರು ಬದಲಿಸಿದ ಹಾಗೆ
ಅಲ್ಲಲ್ಲಿ ತಡೆದು.
ಮೂವತ್ತೊಂದರ ತುದಿಗೆ ಮುಟ್ಟಿ
ಪಕ್ಕದಲ್ಲಿ ಸಣ್ಣಗೆ ಏನೋ ಬರೆದರು.
ಲೋಕಾಪುರ ಅಂತಿರಬೇಕು.