ಮದ್ದು ಬರುವವರೆಗೆ

"ಈ ತಿಂಗಳೂ ಇಲ್ಲ ವನಜಕ್ಕ," ಎಂದ ಚಿಕ್ಕಬೋರಯ್ಯ,
ರಿಜಿಸ್ಟರಿನ ಮೇಲೆ ಕನ್ನಡಕ ಬೋರಲು ಹಾಕಿ.
ಬೆಳಗುಂಬ ದಾಟಿ, ಕಲ್ಲು ತೆಗೆದು ಬಿಟ್ಟ ಹಳ್ಳದೊಳಗೆ
ನಮ್ಮ ಕ್ಲಬ್ಬು: ನಾಲ್ಕು ತಗಡು, ಆರು ಮೇಜು,
ಐವತ್ತು ಮೀಟರಿನಾಚೆ ಮಣ್ಣಿನ ದಿಬ್ಬ.
ಹಡಗಿನಲ್ಲಿದೆಯಂತೆ, ಬಂದರಿನಲ್ಲಿದೆಯಂತೆ,
ಯಾವುದೋ ಸೀಮೆಯ ಯುದ್ಧ ನುಂಗಿತಂತೆ.
ಅಂತೆಗಳಿಗೆ ಮಾತ್ರ ಕೊರತೆ ಇಲ್ಲ.
ತಲೆಗೆ ಐದು. ಸಹಿ ಹಾಕಿದೆ.

"ತೋಟಾ ಸಿಗ್ತಿಲ್ಲ" ಎಂದು ಫೋನಿನಲ್ಲಿ ಅಂದದ್ದು
ಪಕ್ಕದ ಮನೆಯ ಬ್ರೋಕರ್ ರೇಣುಕಪ್ಪನ ಕಿವಿಗೆ ಬಿದ್ದು
ಕಾಂಪೌಂಡಿನಾಚೆಯಿಂದಲೇ ಕೂಗಿದ:
"ಗುಬ್ಬಿ ಕಡೆ ಎರಡೆಕರೆ ಇದೆ ಮೇಡಂ, ಬೋರೂ ಇದೆ!"

ಖಾಸಿಂ ಸಾಬರ ಬೀರು ತುಂಬ ಸಲಕರಣೆ.
ಹನ್ನೆರಡು ಬೋರಿನ ಖಾಲಿ ಕೋಶ ಮರುತುಂಬಲು
ಅವರ ತಂದೆಯ ಹಿತ್ತಾಳೆ ಅಳತೆ, ಮರದ ಒತ್ತುಗೋಲು,
ಅಂಚು ಮಡಚುವ ಕೈಯಂತ್ರ, ಉಣ್ಣೆಯ ಬಿಲ್ಲೆ.
ಇಲ್ಲದ್ದು ಎರಡೇ, ಟೋಪಿ ಮತ್ತು ಮದ್ದು.
"ನನ್ನ ಸಕ್ಕರೆಗೂ ಮದ್ದು, ನನ್ನ ಕೋವಿಗೂ ಮದ್ದು,
ಮೊದಲಿನದು ಮೆಡಿಕಲ್ ಶಾಪಲ್ಲಾದರೂ ಸಿಗುತ್ತೆ,"
ನಗುತ್ತಾ ಬೀರುವಿನ ಬಾಗಿಲು ಒರೆಸುತ್ತಾರೆ.
ನನ್ನ ಪಾಯಿಂಟ್ ಟೂಟೂಗೆ ಆ ಭಾಗ್ಯವೂ ಇಲ್ಲ.
ಅದರ ಕಿಡಿ ಅಂಚಿನೊಳಗೇ; ಒಮ್ಮೆ ಸಿಡಿದರೆ ಮುಗಿಯಿತು.

ಕೊರತೆ ನನಗೆ ಹೊಸದೇನಲ್ಲ.
ಇಪ್ಪತ್ತಾರು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ
ಕೂದಲೆಳೆಯ ಸ್ಪ್ರಿಂಗು ಚಿಮುಟದಲ್ಲಿ ಕೂರಿಸಿದವಳು.
ಗೇಟು ಮುಚ್ಚಿತು, ಬಿಡಿಭಾಗ ನಿಂತವು.
ಈಗಲೂ ಯಾರಾದರೂ ತಾತನ ವಾಚು ತಂದರೆ
ಸತ್ತ ಮೂರನ್ನು ಬಿಚ್ಚಿ ಒಂದನ್ನು ಏಳಿಸುತ್ತೇನೆ.
ಉಸಿರು ಹಿಡಿಯಲು ಕಲಿತದ್ದು ಅಲ್ಲೇ,
ಬಿಟ್ಟರೆ ಸ್ಕ್ರೂ ಹಾರಿಹೋಗುತ್ತಿತ್ತು.
ಕೋವಿ ಆಮೇಲೆ ಬಂತು.

ರಾತ್ರಿ ಪಾತ್ರೆ ತೊಳೆದಾದ ಮೇಲೆ, ಚಿಲಕ ಹಾಕಿ,
ಗೂಡು ಖಾಲಿಯೆಂದು ಎರಡೆರಡು ಸಲ ನೋಡಿ,
ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಗೋಡೆಗೆ ಅಂಟಿಸುತ್ತೇನೆ.
ಬರಿಗೂಡಿಗೆ ಕುದುರೆ ಎಳೆದರೆ ಸೂಜಿ ಸವೆಯುತ್ತೆ;
ಅದಕ್ಕೇ ಸಿಡಿದ ಕೋಶವೊಂದನ್ನು ಒಳಗಿಟ್ಟು
ಟಿಕ್.
ತೆಗೆದು, ಚೂರು ತಿರುಗಿಸಿ, ಮತ್ತೆ ಇಟ್ಟು
ಟಿಕ್.
ಒಳಕೋಣೆಯಿಂದ ಅತ್ತೆ:
"ಆ ವಾಚು ಇನ್ನೂ ರಿಪೇರಿ ಆಗ್ಲಿಲ್ವೇನೇ?"

ಸದ್ದಿಲ್ಲದಾಗ ಕಂಡಿತು ನನ್ನ ಕಳ್ಳತನ:
ಕುದುರೆ ಎಳೆಯುವ ಮುನ್ನವೇ ಭುಜ ಕುಗ್ಗುತ್ತಿದೆ,
ಕಣ್ಣು ರೆಪ್ಪೆಯ ಮರೆಗೆ ಓಡುತ್ತಿದೆ.
ಹನ್ನೊಂದು ವರ್ಷ ಪೆಟ್ಟಿಗೆಗಟ್ಟಲೆ ಸುಟ್ಟು
ಆ ಸದ್ದಿನ ಹಿಂದೆ ಇದನ್ನು ಬಚ್ಚಿಟ್ಟಿದ್ದೆ.

ನಿನ್ನೆ ಆ ಕೋಶವನ್ನು ದೀಪಕ್ಕೆ ಹಿಡಿದೆ.
ಅಂಚಿನ ಸುತ್ತ ಸೂಜಿ ಕುಟ್ಟಿದ ಗುರುತು.
ಕಡಲೆಕಾಳಿನಗಲದ ಡಯಲು, ಮುಳ್ಳಿಲ್ಲ.
ಹನ್ನೆರಡು ಎಂದುಕೊಂಡೆ. ಭೂತಗನ್ನಡಿ ಹಾಕಿ
ಮತ್ತೆ ಎಣಿಸಿದೆ: ಹದಿಮೂರು.
ಕಾರ್ಖಾನೆಯಲ್ಲಾಗಿದ್ದರೆ ವಾಪಸ್ ಬರುತ್ತಿತ್ತು,
ಕೆಂಪು ಚೀಟಿ ಕಟ್ಟಿಸಿಕೊಂಡು.

ಇವತ್ತು ಭಾನುವಾರ. ಹಳ್ಳದಲ್ಲಿ ಮೂರು ಹಾರಿಸಿದೆ.
ಎರಡು ಒಂಬತ್ತರ ಗೆರೆಯೊಳಗೆ. ಮೂರನೆಯದು ಎಲ್ಲಿಗೋ;
ಅಷ್ಟು ದೊಡ್ಡ ಸದ್ದು ಅದು ಎಂಬುದೇ ಮರೆತಿತ್ತು.
ಎರಡು ಉಳಿಸಿದೆ. "ಯಾಕಕ್ಕ?" ಎಂದ ಚಿಕ್ಕಬೋರಯ್ಯ.
ನನಗೂ ಗೊತ್ತಿರಲಿಲ್ಲ.
ಬರೆದುಕೊಂಡ: ಬಳಸಿದ್ದು ಮೂರು, ಬಾಕಿ ಎರಡು.

ಅಷ್ಟರಲ್ಲಿ ಖಾಸಿಂ ಸಾಬರು ಹುಲ್ಲಿನಲ್ಲಿ ಬಗ್ಗಿ
ನನ್ನ ಮೂರು ಕೋಶ ಹೆಕ್ಕಿ, ಮಣ್ಣು ಊದಿ,
ಜೇಬಿಗೆ ಹಾಕಿಕೊಳ್ಳುತ್ತಿದ್ದರು.
"ಅವು ಮತ್ತೆ ತುಂಬಲ್ಲ ಸಾಬ್," ಎಂದೆ.
"ಗೊತ್ತಮ್ಮ," ಅಂದರು. "ಅಭ್ಯಾಸ."