ಡಾಗಿ ಮಾಲು

ನನ್ನ ಕೆಲಸ ತಪ್ಪು ಹುಡುಕೂದು.
ಸೊಲ್ಲಾಪುರದ ಅಕ್ಕಲಕೋಟ ರೋಡಿನ ಕಾರಖಾನ್ಯಾಗ
ಟ್ಯೂಬ್‌ಲೈಟಿನ ಕೆಳಗ ಟವೆಲ್ಲು ಹಾಸಿ
ಎಳಿ ಬಿಟ್ಟಲ್ಲಿ, ಎಣ್ಣಿ ಹತ್ತಿದಲ್ಲಿ
ನೀಲಿ ಸೀಮಿಸುಣ್ಣದಿಂದ ಒಂದು ಸುತ್ತು ಹಾಕ್ತೀನಿ.
ಸುತ್ತು ಬಿದ್ದದ್ದು ಡಾಗಿ. ಉಳದದ್ದು
ಹಡಗ ಹತ್ತಿ ಯಾವದೋ ದೇಶದ ಮೈ ಒರಸಲಿಕ್ಕ ಹೋಗ್ತದ.

ನನ್ನ ನಡದ ಮ್ಯಾಲ ಯಾರು ಸುತ್ತು ಹಾಕಿದರೋ,
ಲಂಗದ ಲಾಡಿ ಕಟ್ಟೂ ಜಾಗಾದಾಗ, ನಾಣ್ಯದಷ್ಟು.
ಅಂಚು ಕೆಂಪಗ, ಎದ್ದು, ಹೊಟ್ಟು ಹೊಟ್ಟು;
ನಡುವ ಮಾತ್ರ ಏನೂ ಆಗೇ ಇಲ್ಲ ಅನ್ನೂ ಹಂಗ ಸ್ವಚ್ಛ.
ಹುಳಕಡ್ಡಿ ಅಂದರು ಅತ್ತಿ.
ಗಜಕರ್ಣ ಅಂದಳು ಮಗ್ಗುಲ ಮನಿ ಯಾದಮ್ಮ.
ಎರಡೂ ಹೆಸರು ಸೆರಗಿನಾಗ ಮುಚ್ಚಿಟ್ಟೆ.

ರಾತ್ರಿ ಅದಕ್ಕ ನನಗಿಂತ ಮೊದಲ ಎಚ್ಚರ.
ಕೆರಕೊಂಡರ ಸುಖ, ಹೇಳಲಿಕ್ಕ ನಾಚಿಕಿ,
ಆಮ್ಯಾಲ ಉರಿ.

ಔಷಧದಂಗಡಿ ಹುಡುಗ ಎಲ್ಲಿ, ಎಷ್ಟು ದಿನ, ಕೇಳಲಿಲ್ಲ.
"ಎಲ್ಲಾದಕ್ಕೂ ನಡೀತದ ವೈನಿ," ಎಂಬತ್ತು ರೂಪಾಯಿ ಟ್ಯೂಬು.
ಮೂರು ದಿನದಾಗ ಕೆಂಪು ಹೋತು, ತುರಿಕಿ ಹೋತು,
ಮನಸಿನಾಗ ಅವಗ ಕೈ ಮುಗದೆ.
ತಿಂಗಳಿಗೆ ನಾಣ್ಯ ರೊಟ್ಟಿ ಆತು,
ಸುತ್ತಿನೊಳಗ ಇನ್ನೊಂದು ಸುತ್ತು, ತೊಡಿಗೊಂದು.
ಮತ್ತ ಟ್ಯೂಬು. ಮತ್ತ ಸುಮ್ಮ. ಮತ್ತ ಸುತ್ತು.

ದೊಡ್ಡ ದವಾಖಾನಿ, ಚೀಟಿ ನಂಬರ ನೂರಾ ಹನ್ನೊಂದು.
ಫರ್ಹತ್ ಬಾಗವಾನ ಡಾಕ್ಟರಬಾಯಿ, ತವರು ಇಂಡಿ, ಕನ್ನಡ ಬಲ್ಲಾಕಿ,
ಬೈಲಿಲ್ಲ. ಟ್ಯೂಬು ಕಸದ ಡಬ್ಬಿಗೆ ಹಾಕಿದರು:
"ಇದರಾಗ ಸ್ಟಿರಾಯ್ಡ್ ಅದ.
ನಾಯಿಗೆ ಬೊಗಳಬ್ಯಾಡ ಅಂತದ, ಕಳ್ಳನ್ನ ಹಿಡಿಯೂದಿಲ್ಲ."
ಅಂಚಿನ ಹೊಟ್ಟು ಕೆರದು ಗಾಜಿನ ಮ್ಯಾಲಿಟ್ಟು
ಒಂದು ಹನಿ ಬಿಟ್ಟು, ತಡದು, "ಬಾ, ನೀನ ನೋಡು."

ಹುಳ ಇರಲಿಲ್ಲ. ಆನಿ ಕಿವಿನೂ ಇರಲಿಲ್ಲ.
ನೂಲಿತ್ತು.
ಕವಲೊಡದ ಸಣ್ಣ ಸಣ್ಣ ನೂಲು,
ನನ್ನ ಚರ್ಮನ ಹಾಸು ಮಾಡಿಕೊಂಡು
ಯಾರೋ ಹೊಕ್ಕು ಹಾಕಿ ನೇಯ್ದಂಗ.
ಇಪ್ಪತ್ತು ವರ್ಷ ನೂಲು ನೋಡಿದ ಕಣ್ಣು,
ಅಲ್ಲಿಂದ ತಗೀಲಿಲ್ಲ.

"ಹಳಸಿದ ರೊಟ್ಟಿ ಮ್ಯಾಲ ಬೂಸ್ಟು ಬರ್ತದಲ್ಲ, ಅದರ ಬಳಗ.
ಪಾಪ ಅಲ್ಲ. ಬೆವರು, ಬಿಗಿ ಅರಿವಿ, ಒದ್ದಿ.
ಮನ್ಯಾಗ ಟವೆಲ್ಲು ಎಷ್ಟವ?"

ನಕ್ಕೆ. ಆಮ್ಯಾಲ ನಗಲಿಲ್ಲ.
ದಿನಕ್ಕ ಆರುನೂರು ಕೈದಾಟಸಾಕಿ;
ಮನ್ಯಾಗ ಒಂದ. ಮುಕಾದಮ ಕೊಟ್ಟ ಡಾಗಿ ಮಾಲು.
ಅತ್ತಿ, ಅವರು, ಸುಗಲಾ, ಸಿದ್ದು, ಕಡೀಕ ನಾನು,
ಐದು ಮೈ ದಾಟಿ, ಹಸೀದ, ಮೂಲಿ ಮೊಳಿಗೆ.

ಗುಳಿಗಿ ಊಟಾದ ಮ್ಯಾಲ.
ಮುಲಾಮು ಸುತ್ತಿನ ಆಚಿ ಎರಡು ಬೆರಳು ಬಿಟ್ಟು ಸುರು ಮಾಡಿ
ಒಳಗ ಬರಬೇಕು.
"ಹೋತು ಅಂತ ಕಂಡ ದಿನ ಬಿಡಬ್ಯಾಡ,
ಅವತ್ತಿನಿಂದ ಹದಿನಾಕು ದಿನ ಎಣಸು."

ತಪ್ಪದ ಹಚ್ಚಿದೆ. ಆದರೂ ಬಂತು, ಮೊಣಕೈ ಮ್ಯಾಲ.
ಆ ರಾತ್ರಿ ಲೈಟ ಹಾಕಿ ಅವರ ಅಂಗಿ ಎತ್ತಿದೆ.
ಬ್ಯಾಡ ಅಂದರು.
ಹನ್ನೆರಡು ತಾಸು ಮಗ್ಗದ ಮುಂದ ನಿಲ್ಲೂ ಮನಷಾ,
ಇಲಾಸ್ಟಿಕ್ಕಿನ ಗುಂಟ ಒಂದು ಇಡೀ ಜಿಲ್ಲಾದ ನಕಾಶಿ
ವರ್ಷದಿಂದ ಹೊದ್ದುಕೊಂಡಿದ್ದರು.
"ನಿನಗ ಹ್ಯಾಂಗ ತೋರಸಲಿ," ಅಂದರು.
ನನಗ. ತಪ್ಪು ಹುಡುಕಾಕಿಗೆ.

ಈಗ ಹಗ್ಗದ ಮ್ಯಾಲ ಐದು ಟವೆಲ್ಲು,
ಐದೂ ಡಾಗಿ, ಐದೂ ಬ್ಯಾರೆ ಬಣ್ಣ.
ಒಳ ಅರಿವಿ ತಿರುವಿ ಬಿಸಿಲಿಗೆ ಹಾಕ್ತೀನಿ, ಓಣಿ ನೋಡಲಿ.
ನಿನ್ನಿ ಯಾದಮ್ಮ ಬಂದು, ಸೆರಗ ಬಿಗಿ ಹಿಡದು, ಮೆಲ್ಲಕ:
"ಆ ಡಾಕ್ಟರಬಾಯಿ ಯಾವ ವಾರ ಇರ್ತಾರ?"

ರಾತ್ರಿ ಬಲ್ಬಿನ ಕೆಳಗ ಒಬ್ಬೊಬ್ಬರ ಬೆನ್ನು ನೋಡ್ತೀನಿ.
ಅವರ ನಡದಾಗ ಸುತ್ತು ಕರಗಿ ಕಪ್ಪು ಕಲಿ ಅಷ್ಟ ಉಳದದ.
"ಪಾಸ್?" ಅಂತಾರ.
ಬೆರಳಾಡಸ್ತೀನಿ. ಅಂಚಿಲ್ಲ, ಹೊಟ್ಟಿಲ್ಲ.
ಕ್ಯಾಲೆಂಡರಿನಾಗ ಇನ್ನ ಒಂಬತ್ತು ದಿನ ಅದ.
"ಸುಮ್ಮ ಬೋರಲ ಮಕ್ಕೋರಿ," ಅಂತ
ಮುಲಾಮಿನ ಮುಚ್ಚಳ ತಿರುವತೀನಿ.