ಹನ್ನೊಂದು ಮೈಲಿ ಹೆಚ್ಚು

ಪ್ರಾರ್ಥನೆ, ಪ್ರಸಂಗ ಎಲ್ಲ ವರ್ನಾಳ ಪಾಲು.
ನಾನು ಬರೀ ವ್ಯಾನು ಓಡಿಸುವವನು.
ಶುಕ್ರವಾರ ಸಂಜೆ ಐದೂವರೆಗೆ ಹಾಸ್ಟೆಲಿನ ಮುಂದೆ ನಿಲ್ಲಿಸಿ
ಹಾರನ್ ಒಂದೇ ಸಲ ಒತ್ತುತ್ತೇನೆ, ಮೆತ್ತಗೆ.
ಎರಡು ಸಲ ಒತ್ತಿದರೆ ಕರೆದಂತಲ್ಲ, ಗದರಿದಂತೆ.

ಮಿನೆಸೋಟದ ಜನವರಿ. ಮೂಗಿನ ಕೂದಲೂ ಗಾಜಾಗುವ ಚಳಿ.
ಮಂಗೋಲಿಯಾದ ಎನ್ಖ್‌ತುಯಾ ಮಾತ್ರ
ಕೋಟಿನ ಗುಂಡಿ ಬಿಚ್ಚಿಕೊಂಡೇ ಬಂದು
ಇದೂ ಒಂದು ಚಳಿಯಾ ಎನ್ನುವಳು.
ಟೋಗೋದ ಕೊಸ್ಸಿ, ಎರಡು ಟೋಪಿ, ಮೂರು ಸ್ವೆಟರು,
ಹತ್ತಿದವನೇ ಹೀಟರಿಗೆ ಕೈಯೊಡ್ಡುತ್ತಾನೆ;
ಅವನ ಭಕ್ತಿಯೆಲ್ಲ ಅದಕ್ಕೇ ಮೀಸಲು.
ಕೊನೆಗೆ, ಬೂಟಿನ ಹಿಮ ಕೊಡವಿ ಕೊಡವಿ
ಶಿಯೋರಿ.
ವ್ಯಾನಿಗೂ ತಲೆಬಾಗಿ ಹತ್ತುವ ಹುಡುಗಿ.

ಚರ್ಚಿನ ನೆಲಮಾಳಿಗೆಯಲ್ಲಿ ಉದ್ದ ಮೇಜು.
ಕೋಳಿ, ಆಲೂಗಡ್ಡೆ, ಬಟಾಣಿ,
ಏನೆಂದು ಯಾರೂ ಕೇಳದ ಒಂದು ಹಸಿರು ಜೆಲ್ಲಿ.
ವರ್ನಾ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾಳೆ, ಉದ್ದಕ್ಕೆ.
ಆಮೆನ್ ಆದಮೇಲೆ ಶಿಯೋರಿ ಅಂಗೈ ಜೋಡಿಸಿ
ಇತದಾಕಿಮಸು ಎನ್ನುತ್ತಾಳೆ, ಗಿಡ್ಡಕ್ಕೆ.
ಯಾರಿಗೆ ಹೇಳಿದ್ದು ಎಂದು ಒಮ್ಮೆ ಕೇಳಿದೆ.
ಯೋಚಿಸಿ, ಬೆರಳು ಮಡಚುತ್ತ ಹೇಳಿದಳು:
ಬೇಯಿಸಿದವರಿಗೆ, ಬೆಳೆದವರಿಗೆ, ಈ ಕೋಳಿಗೆ.
ಕೋಳಿಗೆ!
ಎಪ್ಪತ್ತೆರಡು ವರ್ಷ ತಿಂದಿದ್ದೇನೆ,
ಒಂದಕ್ಕೂ ಏನೂ ಹೇಳಿರಲಿಲ್ಲ.

ಆಮೇಲೆ ಪಾಠ. ಸುಲಭ ಇಂಗ್ಲಿಷಿನ ಮಾರ್ಕನ ಸುವಾರ್ತೆ.
ಪಾಪ ಎಂಬಲ್ಲಿ ಅವಳ ಪೆನ್ಸಿಲು ನಿಂತಿತು.
ನಿಘಂಟಿನಲ್ಲಿ ತ್ಸುಮಿ ಅಂತಿದೆ,
ಹಾಗಂದರೆ ಪೊಲೀಸರು ಹಿಡಿಯುವಂಥದ್ದು.
ನಾನು ಏನೂ ಮಾಡಿಲ್ಲವಲ್ಲ, ಎಂದಳು ಗಾಬರಿಯಿಂದ.
ಸೈಕಲ್ಲಿಗೆ ದೀಪ ಇರಲಿಲ್ಲ ಒಮ್ಮೆ, ಅಷ್ಟೇ.
ಎಲ್ಲರೂ ನಕ್ಕರು. ವರ್ನಾ ನಗಲಿಲ್ಲ;
ಪುಟದ ಅಂಚಿನಲ್ಲಿ ಏನೋ ಗುರುತು ಹಾಕಿಕೊಂಡಳು.

ತಿಂಗಳ ಕೊನೆಗೆ ಅವಳು ತುಂಬುವ ಫಾರಂ ಒಂದಿದೆ, ಮಿಶನ್ ಆಫೀಸಿಗೆ.
ಬಂದವರೆಷ್ಟು. ಬೈಬಲ್ ಪಡೆದವರೆಷ್ಟು.
ಕ್ರಿಸ್ತನನ್ನು ಒಪ್ಪಿಕೊಂಡವರೆಷ್ಟು.
ಆ ಮೂರನೆಯ ಮನೆಯಲ್ಲಿ ಒಂಬತ್ತು ವರ್ಷದಿಂದ ಸೊನ್ನೆ.
ಅವಳ ಸೊನ್ನೆಗಳು ದುಂಡಗಿರುತ್ತವೆ, ಎಲ್ಲೂ ಬಿರುಕಿಲ್ಲ.
ಕೆಳಗೆ, ಕಡೆಯ ಸಾಲು ನನ್ನದು: ವ್ಯಾನು ಓಡಿದ ಮೈಲಿ.

ಫೆಬ್ರವರಿಯ ಕಡೆಯ ಶುಕ್ರವಾರ, ಉಳಿದವರೆಲ್ಲ ಇಳಿದ ಮೇಲೆ
ಶಿಯೋರಿ ಹಿಂದಿನ ಸೀಟಿನಿಂದೆದ್ದು ಮುಂದೆ ಬಂದು ಕೂತಳು.
ನೀಗಾತಾದಲ್ಲಿ ಅಜ್ಜಿ ತೀರಿಹೋದರಂತೆ, ಮಂಗಳವಾರ.
ಪರೀಕ್ಷೆ ಇದೆ, ಬರಬೇಡ ಅಂದರಂತೆ ಅಪ್ಪ.
ಮೂಲಂಗಿ ಉಪ್ಪಿನಕಾಯಿ ಹಾಕುತ್ತಿದ್ದ ಅಜ್ಜಿ,
ಕ್ರಿಸ್ಮಸ್ಸೆಂದರೆ ಸ್ಟ್ರಾಬೆರಿ ಕೇಕು ಎಂದಷ್ಟೇ ತಿಳಿದಿದ್ದವರು.
ವರ್ನಾ ಅವರ ಪುಸ್ತಕದ ಪ್ರಕಾರ
ಅವರು ಈಗ ಎಲ್ಲಿದ್ದಾರೆ?
ವರ್ನಾರನ್ನೇ ಕೇಳಿದರೆ ಅವರಿಗೆ ಕಷ್ಟವಾಗುತ್ತದೆ.
ಅದಕ್ಕೇ ನಿಮ್ಮನ್ನು.

ನನಗೆ ಗೊತ್ತಿದ್ದದ್ದು ರಸ್ತೆ.
ಹಾಸ್ಟೆಲಿನ ತಿರುವು ಬಂತು. ತಿರುಗಿಸಲಿಲ್ಲ.
ಹೆಪ್ಪುಗಟ್ಟಿದ ಸರೋವರದ ಸುತ್ತ ಹಾದಿ;
ನಡುವೆ ಮೀನು ಹಿಡಿಯುವವರ ಮರದ ಗೂಡುಗಳು,
ಒಂದೊಂದರಲ್ಲೂ ಹಳದಿ ಬೆಳಕು.
ಅವು ಏನು ಎಂದಳು.
ಮಂಜುಗಡ್ಡೆಗೆ ತೂತು ಕೊರೆದು
ಕಾಯುತ್ತ ಕೂರುತ್ತಾರೆ ಎಂದೆ.
ಸಿಗುತ್ತದಾ?
ಕೆಲವು ಸಲ. ಬಹಳ ಸಲ ಕೂರುವುದೇ.
ಅವಳು ಕೈಗವಸನ್ನು ಬಾಯಿಗೊತ್ತಿಕೊಂಡಳು.
ನಾನು ಹೀಟರು ಇನ್ನೊಂದು ಗೀಟು ಏರಿಸಿ
ಇನ್ನೊಂದು ಸುತ್ತು ಹಾಕಿದೆ.

ಮನೆಯಲ್ಲಿ ವರ್ನಾ ಫಾರಂ ಹಿಡಿದು ಕೂತಿದ್ದಳು.
ಮೀಟರಿನ ಚೀಟಿ ಕೊಟ್ಟೆ.
ಹನ್ನೊಂದು ಮೈಲಿ ಹೆಚ್ಚಿದೆಯಲ್ಲ ಎಂದಳು.
ಹಿಮ ಬಿದ್ದು ದಾರಿ ಮುಚ್ಚಿತ್ತು ಎಂದೆ, ಬೂಟು ಬಿಚ್ಚುತ್ತ.
ಅವಳು ಕಿಟಕಿಯಾಚೆ ನೋಡಿದಳು. ಮೋಡದ ಚೂರಿಲ್ಲ,
ಉಪ್ಪು ಚೆಲ್ಲಿದ ಹಾಗೆ ನಕ್ಷತ್ರ.
ತ್ಸುಮಿ, ಎಂದುಕೊಂಡೆ.
ಪೊಲೀಸರು ಹಿಡಿಯದಂಥದ್ದು.

ಹನ್ನೊಂದನ್ನೂ ಕೂಡಿಸಿ ಬರೆದಳು.
ಆಮೇಲೆ, ತಲೆಯೆತ್ತದೆ:
ಆ ಹುಡುಗಿ ಇವತ್ತು ಕೋಳಿ ಮುಟ್ಟಲೇ ಇಲ್ಲ.